ಮೇಣದಬತ್ತಿಯ ಸ್ಟ್ಯಾಂಡು ಮತ್ತು ಅಗ್ನಿಸುರಕ್ಷತೆಯ ನಿಯಮಗಳು : ಒಂದು ಅಧ್ಯಯನ

ಪೀಠಿಕೆ

ಬೆಂಕಿಯನ್ನು ಕಂಡುಕೊಂಡದ್ದು ಮಾನವನ ಮೊದಲ ಸಾಧನೆಯಾದರೆ, ಅದನ್ನು ಇಟ್ಟ ಸ್ಥಳದಲ್ಲಿಯೇ ಇರಿಸಿಕೊಂಡದ್ದು ಅದಕ್ಕಿಂತ ಹಿರಿದಾದ ಎರಡನೆಯ ಸಾಧನೆ. ಒಲೆಗೆ ಮಣ್ಣಿನ ಗೋಡೆ, ಎಣ್ಣೆಗೆ ಹಣತೆ, ಕಂದೀಲಿಗೆ ಗಾಜಿನ ಚಿಮಣಿ ಇವೆಲ್ಲವೂ ಬೆಂಕಿಯ ಸುತ್ತ ಮನುಷ್ಯನು ಎಳೆದ ಗೆರೆಗಳು. ಈ ಗೆರೆಯೊಳಗೆ ಇರುವವರೆಗೆ ಬೆಂಕಿ ಸೇವಕ. ಗೆರೆ ದಾಟಿದೊಡನೆ ಅದು ವೈರಿ. ಮೇಣದಬತ್ತಿಗೆ ಸಂಬಂಧಿಸಿದಂತೆ ಈ ಗೆರೆಯ ಕೆಲಸವನ್ನು ಮಾಡುವ ವಸ್ತು ಅದರ ಸ್ಟ್ಯಾಂಡು.

ಮೇಣದಬತ್ತಿಯ ಸ್ಟ್ಯಾಂಡು ಎಂದರೆ ಇಲ್ಲಿ ಹಿತ್ತಾಳೆಯ ಕಂಬ ಮಾತ್ರವಲ್ಲ. ಬತ್ತಿಯನ್ನು ನಿಲ್ಲಿಸುವ ತಟ್ಟೆ, ಬಟ್ಟಲು, ಗಾಜಿನ ಲೋಟ, ಲೋಹದ ಕಂದೀಲು, ಸಣ್ಣ ಬತ್ತಿಗಳನ್ನು ಸಾಲಾಗಿ ಕೂರಿಸುವ ಮರದ ಹಲಗೆ, ಇವೆಲ್ಲವೂ ಆ ಹೆಸರಿನಲ್ಲಿ ಸೇರುತ್ತವೆ. ಅಂಗಡಿಯಲ್ಲಿ ಇವುಗಳನ್ನು ಕೊಳ್ಳುವವರು ಅಂದವನ್ನು ನೋಡುತ್ತಾರೆ, ಬೆಲೆಯನ್ನು ನೋಡುತ್ತಾರೆ. ಆ ವಸ್ತು ಬೆಂಕಿಯ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದದ್ದು ಎಂಬುದನ್ನು ನೆನೆಯುವವರು ವಿರಳ. ಕೊಳ್ಳುವವನು ನೆನೆಯದಿದ್ದುದನ್ನು ಮಾಡುವವನು ನೆನೆಯಬೇಕು. ಮಾಡುವವನೂ ಮರೆತರೆ ನಿಯಮ ನೆನಪಿಸಬೇಕು. ಇಂತಹ ನಿಯಮಗಳು ವಿಶೇಷವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೇಗೆ ಹುಟ್ಟಿದವು, ಅವುಗಳ ತಿರುಳೇನು, ಅವುಗಳ ಮಿತಿ ಎಲ್ಲಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಜ್ವಾಲೆಯ ಸ್ವಭಾವ

ನಿಯಮವನ್ನು ತಿಳಿಯುವ ಮೊದಲು ಜ್ವಾಲೆಯನ್ನು ತಿಳಿಯಬೇಕು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ 1848ರಲ್ಲಿಯೂ ಮತ್ತೆ 1860ರ ಕ್ರಿಸ್‌ಮಸ್ ಕಾಲದಲ್ಲಿಯೂ ಬಾಲಕಬಾಲಕಿಯರಿಗೆ ಮೇಣದಬತ್ತಿಯ ರಸಾಯನಶಾಸ್ತ್ರವನ್ನು ಕುರಿತು ಉಪನ್ಯಾಸಗಳನ್ನು ನೀಡಿದನು. ಅವು 1861ರಲ್ಲಿ ಪುಸ್ತಕವಾಗಿ ಬಂದವು. ಒಂದು ಮೇಣದಬತ್ತಿಯಲ್ಲಿ ಭೌತಶಾಸ್ತ್ರದ ಅನೇಕ ಪಾಠಗಳು ಅಡಗಿವೆ ಎಂಬುದನ್ನು ಅವನು ತೋರಿಸಿಕೊಟ್ಟನು.

ಉರಿಯುವುದು ಗಟ್ಟಿಯಾದ ಮೇಣವಲ್ಲ, ಕರಗಿದ ಮೇಣವೂ ಅಲ್ಲ, ಮೇಣದ ಆವಿ. ಪ್ಯಾರಾಫಿನ್ ಮೇಣ ಸಾಮಾನ್ಯವಾಗಿ 50ರಿಂದ 65 ಡಿಗ್ರಿ ಸೆಲ್ಸಿಯಸ್‌ನೊಳಗೆ ಕರಗುತ್ತದೆ. ಕರಗಿದ ಮೇಣವನ್ನು ನೂಲಿನ ಬತ್ತಿ ಲೋಮನಾಳಗಳ ಮೂಲಕ ಮೇಲೆ ಎಳೆದುಕೊಳ್ಳುತ್ತದೆ. ಜ್ವಾಲೆಯ ಶಾಖಕ್ಕೆ ಅದು ಆವಿಯಾಗಿ, ಗಾಳಿಯ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ಜ್ವಾಲೆಯ ಅತ್ಯಂತ ಬಿಸಿಯಾದ ಭಾಗದ ಉಷ್ಣತೆ 1,400 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಗಂಟೆಗೆ 6 ಗ್ರಾಂ ಮೇಣವನ್ನು ಉರಿಸುವ ಒಂದು ಬತ್ತಿ ಸುಮಾರು 70 ವ್ಯಾಟ್ ಶಕ್ತಿಯನ್ನು ಹೊರಸೂಸುತ್ತದೆ. ಒಂದು ಹಲಗೆಯ ಮೇಲೆ ಐದು ಬತ್ತಿಗಳನ್ನು ಒತ್ತಾಗಿ ನಿಲ್ಲಿಸಿದರೆ 350 ವ್ಯಾಟ್ ಆಯಿತು. ಅಂದರೆ ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಕಣ್ಣಿಗೆ ಸೌಮ್ಯವಾಗಿ ಕಾಣುವ ಬೆಳಕಿನ ಹಿಂದೆ ಇಷ್ಟು ಶಾಖವಿದೆ.

ಇದರಿಂದ ಮುಖ್ಯವಾದ ಒಂದು ತತ್ತ್ವ ಹೊರಡುತ್ತದೆ. ಕರಗಿದ ಮೇಣ ತಣ್ಣಗಿರುವವರೆಗೆ ತಾನಾಗಿ ಹತ್ತಿಕೊಳ್ಳುವುದಿಲ್ಲ. ಆದರೆ ಅದು ಸುಮಾರು 200 ಡಿಗ್ರಿಯನ್ನು ಮೀರಿ ಕಾದಾಗ ಅದರ ಮೇಲ್ಮೈಯಿಂದಲೇ ಆವಿ ಏಳತೊಡಗುತ್ತದೆ. ಆಗ ಜ್ವಾಲೆ ಬತ್ತಿಯ ತುದಿಯಲ್ಲಿ ನಿಲ್ಲದೆ ಪಾತ್ರೆಯಗಲಕ್ಕೂ ಹರಡುತ್ತದೆ. ಅಂತಹ ಬೆಂಕಿಗೆ ಗಾಬರಿಯಿಂದ ನೀರೆರಚಿದರೆ ಅನಾಹುತ ಇಮ್ಮಡಿಯಾಗುತ್ತದೆ. ನೀರು ಕರಗಿದ ಮೇಣಕ್ಕಿಂತ ಭಾರವಾದುದರಿಂದ ಕೆಳಗಿಳಿದು, ಕ್ಷಣಾರ್ಧದಲ್ಲಿ ಉಗಿಯಾಗಿ, ತನ್ನ ಗಾತ್ರದ ಸಾವಿರದ ಆರುನೂರು ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ. ಉರಿಯುವ ಮೇಣವನ್ನು ಅದು ಸುತ್ತಲೂ ಚಿಮ್ಮಿಸುತ್ತದೆ. ಲೋಹದ ಮುಚ್ಚಳದಿಂದ ಮುಚ್ಚಿ ಗಾಳಿಯನ್ನು ತಡೆಯುವುದೇ ಸರಿಯಾದ ಮಾರ್ಗ.

ಸ್ಟ್ಯಾಂಡು ತಪ್ಪುವ ಬಗೆಗಳು

ಸ್ಟ್ಯಾಂಡಿನ ಕೆಲಸ ಬತ್ತಿಯನ್ನು ನೆಟ್ಟಗೆ ನಿಲ್ಲಿಸುವುದು, ಕರಗಿದ ಮೇಣವನ್ನು ಹಿಡಿದುಕೊಳ್ಳುವುದು, ಶಾಖವನ್ನು ಮೇಜಿಗೆ ಮುಟ್ಟಗೊಡದಿರುವುದು. ಈ ಕೆಲಸದಲ್ಲಿ ಅದು ತಪ್ಪುವ ಬಗೆಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು, ತಾನೇ ಹತ್ತಿಕೊಳ್ಳುವುದು. ಮರ, ಬಿದಿರು, ಪ್ಲಾಸ್ಟಿಕ್ ಇವುಗಳಿಂದ ಮಾಡಿದ ಸ್ಟ್ಯಾಂಡುಗಳು ಮಾತ್ರವಲ್ಲ, ಲೋಹದ ಸ್ಟ್ಯಾಂಡುಗಳೂ ಹತ್ತಿಕೊಂಡದ್ದುಂಟು. ಅಲ್ಲಿ ಉರಿಯುವುದು ಲೋಹವಲ್ಲ. ಅದರ ಮೇಲೆ ಬಳಿದ ಬಣ್ಣ, ಮೆರುಗೆಣ್ಣೆ, ಅಂಟಿಸಿದ ಒಣಹೂವು, ಸುತ್ತಿದ ಜರಿ. ಎರಡನೆಯದು, ಉರುಳುವುದು. ಎತ್ತರವಾಗಿ, ಕಿರಿದಾದ ಪಾದದ ಮೇಲೆ ನಿಂತ ಸ್ಟ್ಯಾಂಡು ಮೇಜು ಅಲುಗಿದರೆ ಸಾಕು, ಬೀಳುತ್ತದೆ. ಮೂರನೆಯದು, ಒಡೆಯುವುದು. ಗಾಜು ಶಾಖವನ್ನು ಬೇಗ ಹರಡದ ವಸ್ತು. ಒಂದು ಪಕ್ಕ ಕಾದು ಹಿಗ್ಗಿ ಮತ್ತೊಂದು ಪಕ್ಕ ತಣ್ಣಗೆ ಉಳಿದರೆ ಒಳಗಿನ ಎಳೆತಕ್ಕೆ ಗಾಜು ಬಿರಿಯುತ್ತದೆ. ಕುಲುಮೆಯಿಂದ ತೆಗೆದ ಗಾಜನ್ನು ನಿಧಾನವಾಗಿ ತಣಿಸಿ ಹದಗೊಳಿಸದಿದ್ದರೆ ಈ ದೋಷ ಇನ್ನೂ ಹೆಚ್ಚು.

ನಾಲ್ಕನೆಯದು, ಶಾಖವನ್ನು ಕೂಡಿಹಾಕುವುದು. ಸಣ್ಣ ಬತ್ತಿಗಳನ್ನು ಒಂದಕ್ಕೊಂದು ಒತ್ತಾಗಿ ಇರಿಸುವ ಸ್ಟ್ಯಾಂಡಿನಲ್ಲಿ ಒಂದರ ಶಾಖ ಇನ್ನೊಂದರ ಮೇಣವನ್ನು ಕಾಯಿಸುತ್ತದೆ. ಗಾಳಿಗೆ ದಾರಿಯಿಲ್ಲದ ಮುಚ್ಚಿದ ಕಂದೀಲಿನಲ್ಲಿಯೂ ಹೀಗೆಯೇ. ಮೇಲೆ ಹೇಳಿದ 200 ಡಿಗ್ರಿಯ ಅಪಾಯ ಹುಟ್ಟುವುದು ಬಹುಮಟ್ಟಿಗೆ ಇಂತಹ ಕಡೆಗಳಲ್ಲಿಯೇ. ಐದನೆಯದು, ಬತ್ತಿಯನ್ನು ಸರಿಯಾಗಿ ಹಿಡಿಯದಿರುವುದು. ರಂಧ್ರ ಅಗಲವಾದರೆ ಬತ್ತಿ ವಾಲುತ್ತದೆ. ವಾಲಿದ ಬತ್ತಿಯ ಮೇಣ ಒಂದೇ ಪಕ್ಕಕ್ಕೆ ಹರಿದು, ಜ್ವಾಲೆ ಸ್ಟ್ಯಾಂಡಿನ ಅಂಚನ್ನು ನೆಕ್ಕತೊಡಗುತ್ತದೆ.

ಈ ಐದರಲ್ಲಿ ಯಾವುದೂ ಅಂಗಡಿಯಲ್ಲಿ ಕೊಳ್ಳುವಾಗ ಕಣ್ಣಿಗೆ ಬೀಳುವಂಥದಲ್ಲ. ಬಣ್ಣ ಹತ್ತಿಕೊಳ್ಳುವುದೋ ಇಲ್ಲವೋ ಎಂಬುದನ್ನು ಗೃಹಿಣಿ ಹೇಗೆ ಅರಿಯಬೇಕು? ಗಾಜನ್ನು ಹದಗೊಳಿಸಿದೆಯೇ ಎಂಬುದನ್ನು ಬರಿಗಣ್ಣಿನಿಂದ ಯಾರು ಹೇಳಬಲ್ಲರು? ಪರೀಕ್ಷಿಸುವ ಭಾರ ಕೊಳ್ಳುವವನ ಮೇಲೆ ಬೀಳಲಾರದು ಎಂಬ ನ್ಯಾಯ ಇಲ್ಲಿಂದಲೇ ಹುಟ್ಟುತ್ತದೆ.

ನಿಯಮಗಳ ಹುಟ್ಟು

ವಿದ್ಯುತ್ ದೀಪ ಮನೆಮನೆಗೂ ಬಂದ ಮೇಲೆ ಮೇಣದಬತ್ತಿಯ ಕಾಲ ಮುಗಿಯಿತೆಂದು ತೋರುವುದು ಸಹಜ. ಅಮೆರಿಕದಲ್ಲಿ ಆದದ್ದು ಇದಕ್ಕೆ ವ್ಯತಿರಿಕ್ತ. ಬೆಳಕಿಗಾಗಿ ಬೇಡವಾದ ಬತ್ತಿ ಅಲಂಕಾರಕ್ಕಾಗಿಯೂ ಸುವಾಸನೆಗಾಗಿಯೂ ಬೇಕಾಯಿತು. 1990ರ ದಶಕದಲ್ಲಿ ಅದರ ಮಾರಾಟ ಏರಿದಂತೆ ಅದರಿಂದಾದ ಮನೆಬೆಂಕಿಗಳೂ ಏರಿದವು. ಊಟದ ಮೇಜಿನ ಮೇಲಿದ್ದ ಬತ್ತಿ ಮಲಗುವ ಕೋಣೆಗೂ ಸ್ನಾನದ ಮನೆಗೂ ಹೋಯಿತು. ಅದರೊಡನೆ ಸ್ಟ್ಯಾಂಡುಗಳ ಆಕಾರವೂ ಸಾವಿರ ಬಗೆಯಾಯಿತು.

ಆ ದೇಶದಲ್ಲಿ ಇಂತಹ ವಿಷಯಗಳನ್ನು ನೋಡಿಕೊಳ್ಳಲು 1972ರ ಗ್ರಾಹಕ ವಸ್ತು ಸುರಕ್ಷತಾ ಕಾಯಿದೆಯ ಮೇರೆಗೆ ಗ್ರಾಹಕ ವಸ್ತು ಸುರಕ್ಷತಾ ಆಯೋಗ ರಚಿತವಾಯಿತು. ಮಾನದಂಡಗಳನ್ನು ರೂಪಿಸುವ ಕೆಲಸವನ್ನು ಮುಖ್ಯವಾಗಿ ಮಾಡುವುದು ಎ.ಎಸ್.ಟಿ.ಎಂ. ಎಂಬ ಸಂಸ್ಥೆ. 1898ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಸರಕಾರಿ ಇಲಾಖೆಯಲ್ಲ. ತಯಾರಕರು, ಮಾರಾಟಗಾರರು, ಪ್ರಯೋಗಾಲಯದವರು, ಗ್ರಾಹಕರ ಪ್ರತಿನಿಧಿಗಳು ಒಂದೇ ಮೇಜಿನ ಸುತ್ತ ಕುಳಿತು ಚರ್ಚಿಸಿ, ಮತ ಹಾಕಿ, ಒಮ್ಮತಕ್ಕೆ ಬರುವ ವೇದಿಕೆ ಅದು. ಮೇಣದಬತ್ತಿಗಳಿಗೆಂದೇ ಅಲ್ಲಿ 1997ರಲ್ಲಿ ಒಂದು ಉಪಸಮಿತಿ ಏರ್ಪಟ್ಟಿತು. ಮುಂದಿನ ವರ್ಷಗಳಲ್ಲಿ ಎಚ್ಚರಿಕೆಯ ಚೀಟಿಗೆ ಎಫ್ 2058, ಗಾಜಿನ ಪಾತ್ರೆಗೆ ಎಫ್ 2179, ಬತ್ತಿಯ ಅಗ್ನಿಸುರಕ್ಷತೆಗೆ ಎಫ್ 2417, ಸ್ಟ್ಯಾಂಡು ಮೊದಲಾದ ಜೊತೆಸಾಮಗ್ರಿಗಳ ಅಗ್ನಿಸುರಕ್ಷತೆಗೆ ಎಫ್ 2601 ಎಂಬ ಸಂಖ್ಯೆಯ ಮಾನದಂಡಗಳು ಒಂದೊಂದಾಗಿ ಹೊರಬಂದವು.

ಅಂಕಿಗಳು ಈ ಪ್ರಯತ್ನದ ಅಗತ್ಯವನ್ನು ಹೇಳುತ್ತವೆ. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ ಕಲೆಹಾಕಿದ ಲೆಕ್ಕದಂತೆ 2015ರಿಂದ 2019ರವರೆಗಿನ ಐದು ವರ್ಷಗಳಲ್ಲಿ ಮೇಣದಬತ್ತಿಯಿಂದ ಹತ್ತಿದ ಮನೆಬೆಂಕಿಗಳು ವರ್ಷಕ್ಕೆ ಸರಾಸರಿ 7,400. ಅವುಗಳಿಂದ ವರ್ಷಕ್ಕೆ ಸರಾಸರಿ 90 ಮಂದಿ ಸತ್ತರು, 670 ಮಂದಿ ಗಾಯಗೊಂಡರು, 29 ಕೋಟಿ 10 ಲಕ್ಷ ಡಾಲರುಗಳ ಆಸ್ತಿ ನಾಶವಾಯಿತು. ಅಂದರೆ ದಿನಕ್ಕೆ ಸುಮಾರು 20 ಮನೆಗಳು. ಇವುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಬೆಂಕಿಗಳು ಹತ್ತಿದ್ದು ಮಲಗುವ ಕೋಣೆಯಲ್ಲಿ. ಐದರಲ್ಲಿ ಮೂರು ಬೆಂಕಿಗಳಿಗೆ ಹಾಸಿಗೆ, ಪರದೆ, ಪೀಠೋಪಕರಣ ಅಥವಾ ಅಲಂಕಾರದ ವಸ್ತು ಬತ್ತಿಗೆ ತೀರ ಹತ್ತಿರವಿದ್ದುದೇ ಕಾರಣ. 1990ರ ದಶಕದ ಏರಿಕೆಗೆ ಹೋಲಿಸಿದರೆ ಈ ಸಂಖ್ಯೆ ಬಹಳ ಇಳಿದಿದೆ ಎಂಬುದು ಸಮಾಧಾನದ ಮಾತು. ಆದರೆ ಸತ್ತ 90 ಮಂದಿಯ ಮನೆಯವರಿಗೆ ಸರಾಸರಿಯಿಂದ ಸಮಾಧಾನವಿಲ್ಲ.

ನಿಯಮಗಳ ತಿರುಳು

ಈ ಮಾನದಂಡಗಳ ಭಾಷೆ ತಾಂತ್ರಿಕವಾದರೂ ಒಳಗಿನ ಭಾವ ಸರಳವಾದುದು. ಬತ್ತಿಯ ಜ್ವಾಲೆ ಮಿತಿಮೀರಿ ಎತ್ತರಕ್ಕೆ ಏರಬಾರದು. ಎಫ್ 2417ರಲ್ಲಿ ಈ ಮಿತಿ ಸಾಮಾನ್ಯವಾಗಿ 3 ಅಂಗುಲ, ಅಂದರೆ 75 ಮಿಲಿಮೀಟರಿನಷ್ಟು. ಬತ್ತಿಯ ನೂಲಿನ ಹೊರತು ಬೇರೆ ಏನೂ ಹತ್ತಿಕೊಳ್ಳಬಾರದು. ಬತ್ತಿ ಉರಿದು ಮುಗಿಯುವ ಕೊನೆಯ ಗಳಿಗೆಯಲ್ಲಿಯೂ ಪಾತ್ರೆ ಬಿರಿಯಬಾರದು, ಜ್ವಾಲೆ ಹರಡಬಾರದು. ತಾನಾಗಿ ನಿಲ್ಲುವ ಬತ್ತಿ 10 ಡಿಗ್ರಿ ಇಳಿಜಾರಿನ ಮೇಲೆ ಇಟ್ಟರೂ ಉರುಳಬಾರದು.

ಸ್ಟ್ಯಾಂಡಿನ ವಿಷಯದಲ್ಲಿಯೂ ಇದೇ ದೃಷ್ಟಿ. ಬತ್ತಿಯೊಡನೆ ಬಳಸಲೆಂದು ಮಾರುವ ವಸ್ತು ಜ್ವಾಲೆ ತಗುಲಿದಾಗ ತಾನೇ ಇಂಧನವಾಗಬಾರದು. ಓರೆಯಾದ ನೆಲದ ಮೇಲೆಯೂ ನಿಲ್ಲಬೇಕು. ಗಾಜಿನದಾದರೆ ಶಾಖದ ಏರಿಳಿತವನ್ನು ತಾಳಬೇಕು. ಯಾವ ಬಗೆಯ ಬತ್ತಿಗೆ ತಕ್ಕುದು ಎಂಬುದನ್ನು ಕೊಳ್ಳುವವನಿಗೆ ತಿಳಿಸಬೇಕು. ಎಚ್ಚರಿಕೆಯ ಚೀಟಿಯ ಮಾತುಗಳೂ ಮೂರೇ ಮೂರು: ಕಣ್ಣಳತೆಯಲ್ಲಿ ಉರಿಸುವುದು, ಹತ್ತಿಕೊಳ್ಳುವ ವಸ್ತುಗಳಿಂದ ದೂರವಿಡುವುದು, ಮಕ್ಕಳಿಂದಲೂ ಸಾಕುಪ್ರಾಣಿಗಳಿಂದಲೂ ದೂರವಿಡುವುದು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಐದರಲ್ಲಿ ಮೂರು ಬೆಂಕಿಗಳು ಬತ್ತಿಯನ್ನು ತಪ್ಪು ಜಾಗದಲ್ಲಿ ಇಟ್ಟದ್ದರಿಂದ ಆದುವಾದರೆ ತಪ್ಪು ಬಳಸಿದವನದಲ್ಲವೇ? ಮೂರು ಮಾತಿನ ಚೀಟಿಯೊಂದನ್ನು ಅಂಟಿಸಿದ ಮೇಲೆ ತಯಾರಕನ ಹೊಣೆ ತೀರಲಿಲ್ಲವೇ? ಈ ಆಕ್ಷೇಪ ಮೇಲ್ನೋಟಕ್ಕೆ ಬಲವಾಗಿ ಕಂಡರೂ ಆಳದಲ್ಲಿ ನಿಲ್ಲುವುದಿಲ್ಲ. ಸುರಕ್ಷತಾಶಾಸ್ತ್ರದಲ್ಲಿ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ. ಮೊದಲು ವಸ್ತುವಿನ ರಚನೆಯಿಂದಲೇ ಅಪಾಯವನ್ನು ತೆಗೆಯುವುದು, ತೆಗೆಯಲಾಗದ್ದಕ್ಕೆ ತಡೆಯೊಡ್ಡುವುದು, ತಡೆಯಲೂ ಆಗದ್ದಕ್ಕೆ ಮಾತ್ರ ಎಚ್ಚರಿಕೆ ಹೇಳುವುದು. ಎಚ್ಚರಿಕೆಯ ಚೀಟಿ ಕೊನೆಯ ಮೆಟ್ಟಿಲು. ಅದನ್ನೇ ಮೊದಲ ಮೆಟ್ಟಿಲಾಗಿ ಮಾಡಿಕೊಂಡವನು ತನ್ನ ಹೊಣೆಯನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿದಂತಾಗುತ್ತದೆ.

ದಣಿದ ಮನುಷ್ಯ ನಿದ್ರೆಹೋಗುತ್ತಾನೆ. ಬಾಗಿಲು ತಟ್ಟಿದ ಸದ್ದಿಗೆ ತಾಯಿ ಎದ್ದುಹೋಗುತ್ತಾಳೆ. ಮಗು ಮೇಜಿನ ಬಟ್ಟೆಯನ್ನು ಎಳೆಯುತ್ತದೆ. ಇವು ಅಪರಾಧಗಳಲ್ಲ, ಸಂಸಾರದ ನಿತ್ಯದ ಸಂಗತಿಗಳು. ತಯಾರಕನು ಮೊದಲೇ ಊಹಿಸಬಹುದಾದವು. ಅಗಲವಾದ ಪಾದ, ಜ್ವಾಲೆಯನ್ನು ಸುತ್ತುವರಿದ ಎತ್ತರದ ಗಾಜು, ಹತ್ತಿಕೊಳ್ಳದ ಬಣ್ಣ ಇವು ಮರೆವಿನ ಆ ಗಳಿಗೆಯಲ್ಲಿಯೂ ಕಾವಲಿರುತ್ತವೆ. ಮನುಷ್ಯ ಎಂದೂ ಮರೆಯುವುದಿಲ್ಲ ಎಂದು ನಂಬಿ ಮಾಡಿದ ವಸ್ತು ಅಪಾಯಕರ. ಮನುಷ್ಯ ಮರೆಯುತ್ತಾನೆ ಎಂದು ಅರಿತು ಮಾಡಿದ ವಸ್ತು ಸುರಕ್ಷಿತ. ಎಲ್ಲ ಅಗ್ನಿಸುರಕ್ಷತಾ ನಿಯಮಗಳ ಸಾರ ಇಷ್ಟೇ.

ಒಪ್ಪಿಗೆಯೋ, ಕಟ್ಟಳೆಯೋ?

ಮೇಲೆ ಹೇಳಿದ ಮಾನದಂಡಗಳಿಗೆ ಒಂದು ಮಿತಿಯಿದೆ. ಅವು ಕಾನೂನಲ್ಲ, ತಯಾರಕರು ತಾವಾಗಿ ಒಪ್ಪಿ ಪಾಲಿಸಬೇಕಾದವು. ಅಮೆರಿಕದ ಕಾಯಿದೆಗೆ 1981ರಲ್ಲಿ ಆದ ತಿದ್ದುಪಡಿಯಂತೆ, ಸ್ವಯಂಪ್ರೇರಿತ ಮಾನದಂಡವೊಂದು ಅಪಾಯವನ್ನು ತಕ್ಕಮಟ್ಟಿಗೆ ತಗ್ಗಿಸುವಂತಿದ್ದು, ಅದನ್ನು ಬಹುಮಂದಿ ಪಾಲಿಸುವ ಸಂಭವವಿದ್ದರೆ, ಆಯೋಗ ಅದನ್ನೇ ಅವಲಂಬಿಸಬೇಕು. ಕಡ್ಡಾಯದ ಕಟ್ಟಳೆ ತರಬಾರದು. ಮೇಣದಬತ್ತಿಗೂ ಅದರ ಜೊತೆಸಾಮಗ್ರಿಗಳಿಗೂ ಅಗ್ನಿಸುರಕ್ಷತೆಯ ಕಡ್ಡಾಯ ನಿಯಮಗಳನ್ನು ತರಬೇಕೆಂದು ಅಲ್ಲಿನ ರಾಜ್ಯಗಳ ಅಗ್ನಿಶಾಮಕ ಮುಖ್ಯಾಧಿಕಾರಿಗಳ ಸಂಘ ಕೋರಿದ ಅರ್ಜಿಯ ವಿಚಾರ 2004ರಲ್ಲಿ ಆಯೋಗದ ಮುಂದೆ ಬಂದಿತು. ಬೆಂಕಿಯನ್ನು ಆರಿಸಲು ಹೋಗುವವರೇ ಈ ಕೋರಿಕೆಯನ್ನು ಮುಂದಿಟ್ಟರೆಂಬುದು ಗಮನಾರ್ಹ. ಆದರೂ ಮಾನದಂಡಗಳು ಸ್ವಯಂಪ್ರೇರಿತವಾಗಿಯೇ ಉಳಿದವು.

ಸ್ವಯಂಪ್ರೇರಿತ ಪದ್ಧತಿಯ ಪರವಾಗಿ ಹೇಳಬಹುದಾದ ಮಾತುಗಳು ಇಲ್ಲದಿಲ್ಲ. ವಸ್ತುವನ್ನು ಬಲ್ಲವರೇ ನಿಯಮವನ್ನು ರೂಪಿಸುತ್ತಾರೆ. ಹೊಸ ಅಪಾಯ ಕಂಡಾಗ ತಿದ್ದುಪಡಿ ಬೇಗ ಆಗುತ್ತದೆ. ದೊಡ್ಡ ವ್ಯಾಪಾರಿಗಳು ಪರೀಕ್ಷಾಪತ್ರವಿಲ್ಲದ ಸರಕನ್ನು ಕೊಳ್ಳದಿದ್ದರೆ ಒಪ್ಪಿಗೆಯ ನಿಯಮವೇ ಕಟ್ಟಳೆಯಷ್ಟು ಬಲವಾಗುತ್ತದೆ. ಆದರೆ ಇದರ ದುರ್ಬಲತೆಯನ್ನು ತೋರಿಸುವ ನಿದರ್ಶನ ಮೇಣದಬತ್ತಿಯ ಚರಿತ್ರೆಯಲ್ಲಿಯೇ ಇದೆ. ಬತ್ತಿಯ ನೂಲು ನೆಟ್ಟಗೆ ನಿಲ್ಲಲೆಂದು ಅದರ ನಡುವೆ ಸೀಸದ ತಂತಿಯನ್ನು ಇಡುವ ಪದ್ಧತಿಯಿತ್ತು. ಉರಿಯುವಾಗ ಆ ಸೀಸ ಗಾಳಿಯಲ್ಲಿ ಬೆರೆತು ಮಕ್ಕಳ ಆರೋಗ್ಯಕ್ಕೆ ಅಪಾಯವಾಗಬಲ್ಲದು ಎಂದು ತಿಳಿದಾಗ, 1974ರಲ್ಲಿ ಅಮೆರಿಕದ ತಯಾರಕರು ಅದನ್ನು ಬಿಡುವುದಾಗಿ ತಾವಾಗಿ ಒಪ್ಪಿದರು. ಒಪ್ಪಿದವರು ಬಿಟ್ಟರೂ, ಒಪ್ಪದವರ ಸರಕು ಹೊರಗಿನಿಂದ ಬಂದು ಅಂಗಡಿಗಳನ್ನು ಸೇರಿತು. ಕೊನೆಗೆ 2003ರಲ್ಲಿ ಆಯೋಗ ಕಾನೂನಿನ ಮೂಲಕವೇ ಸೀಸದ ತಂತಿಯ ಬತ್ತಿಗಳನ್ನು ನಿಷೇಧಿಸಬೇಕಾಯಿತು. ಸಜ್ಜನರ ಮಾತು ಸಜ್ಜನರನ್ನು ಮಾತ್ರ ಕಟ್ಟುತ್ತದೆ. ಕಾನೂನು ಎಲ್ಲರನ್ನೂ ಕಟ್ಟುತ್ತದೆ. ಇದು ಆ ಸುಮಾರು ಮೂವತ್ತು ವರ್ಷಗಳ ಪಾಠ.

ಸ್ಟ್ಯಾಂಡಿನ ವಿಷಯದಲ್ಲಿ ಕಡ್ಡಾಯದ ನಿಯಮವಿಲ್ಲದಿದ್ದರೂ ಅಮೆರಿಕದ ಗ್ರಾಹಕನು ಪೂರ್ಣವಾಗಿ ನಿರಾಶ್ರಿತನಲ್ಲ. ತನ್ನ ವಸ್ತುವಿನಲ್ಲಿ ಗಣನೀಯ ಅಪಾಯ ತರಬಲ್ಲ ದೋಷವಿದೆ ಎಂಬ ಮಾಹಿತಿ ದೊರೆತೊಡನೆ, 24 ಗಂಟೆಗಳೊಳಗೆ ಆಯೋಗಕ್ಕೆ ವರದಿ ಮಾಡುವುದು ತಯಾರಕ, ಆಮದುಗಾರ, ಮಾರಾಟಗಾರ ಎಲ್ಲರ ಕರ್ತವ್ಯ. ಅನಂತರ ಸರಕನ್ನು ಹಿಂದಕ್ಕೆ ಕರೆಸಿ ಹಣ ಮರಳಿಸುವ ಅಥವಾ ಬದಲಿ ಕೊಡುವ ಏರ್ಪಾಡಾಗುತ್ತದೆ. ಬಣ್ಣ ಹತ್ತಿಕೊಳ್ಳುವ, ಗಾಜು ಬಿರಿಯುವ, ಮರ ಸುಡುವ ಸ್ಟ್ಯಾಂಡುಗಳನ್ನು ಹೀಗೆ ಹಿಂದಕ್ಕೆ ಕರೆಸಿದ ಪ್ರಸಂಗಗಳು ಅನೇಕ. ಆದರೆ ಹಿಂದಕ್ಕೆ ಕರೆಸುವುದು ಬೆಂಕಿ ಕಂಡ ಮೇಲಿನ ಕ್ರಮ. ಮಾನದಂಡ ಬೆಂಕಿ ಕಾಣುವ ಮುಂಚಿನ ಕ್ರಮ. ಎರಡರ ನಡುವಿನ ಅಂತರದಲ್ಲಿ ಕೆಲವು ಮನೆಗಳು ಸುಟ್ಟಿರುತ್ತವೆ.

ಯೂರೋಪು ಮತ್ತು ಭಾರತ

ಯೂರೋಪಿನಲ್ಲಿಯೂ ಬತ್ತಿಯ ಅಗ್ನಿಸುರಕ್ಷತೆಗೆ ಇ.ಎನ್. 15493, ಎಚ್ಚರಿಕೆಯ ಚೀಟಿಗೆ ಇ.ಎನ್. 15494 ಎಂಬ ಮಾನದಂಡಗಳಿವೆ. ಅವುಗಳ ಹಿಂದೆ ಕಾನೂನಿನ ಒತ್ತಾಸೆಯೂ ಇದೆ. 2001ರ ಸಾಮಾನ್ಯ ಉತ್ಪನ್ನ ಸುರಕ್ಷತಾ ನಿರ್ದೇಶನದ ಸ್ಥಾನದಲ್ಲಿ ಬಂದ ಹೊಸ ಕಾನೂನು 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿದೆ. ಸುರಕ್ಷಿತವಲ್ಲದ ಯಾವ ಗ್ರಾಹಕ ವಸ್ತುವನ್ನೂ ಮಾರುಕಟ್ಟೆಗೆ ತರಬಾರದೆಂಬುದು ಅಲ್ಲಿನ ಮೂಲಸೂತ್ರ. ಒಂದು ದೇಶದಲ್ಲಿ ಅಪಾಯಕರವೆಂದು ಕಂಡ ವಸ್ತುವಿನ ಸುದ್ದಿಯನ್ನು ಉಳಿದ ದೇಶಗಳಿಗೆ ತ್ವರಿತವಾಗಿ ತಿಳಿಸುವ ಏರ್ಪಾಡೂ ಇದೆ.

ಈ ವಿಷಯ ಭಾರತಕ್ಕೆ ದೂರದ್ದೆಂದು ಭಾವಿಸಲಾಗದು. ಉತ್ತರ ಪ್ರದೇಶದ ಮೊರಾದಾಬಾದಿನ ಕುಶಲಕರ್ಮಿಗಳು ಎರಕಹೊಯ್ದು ಕೆತ್ತಿದ ಹಿತ್ತಾಳೆ ಮತ್ತು ಇತರ ಲೋಹಗಳ ಸಾಮಾನುಗಳು ಅಮೆರಿಕ, ಯೂರೋಪುಗಳ ಮನೆಗಳನ್ನು ಸೇರುತ್ತವೆ. ಮೇಣದಬತ್ತಿಯ ಸ್ಟ್ಯಾಂಡುಗಳೂ ಅವುಗಳಲ್ಲಿ ಸೇರಿವೆ. ಅಲ್ಲಿನ ಮಾನದಂಡದ ಒಂದು ವಾಕ್ಯ ಇಲ್ಲಿನ ಕಾರ್ಖಾನೆಯಲ್ಲಿ ಬಳಿಯುವ ಬಣ್ಣವನ್ನು ನಿರ್ಧರಿಸಬಲ್ಲದು. ಹೊರದೇಶದ ಗ್ರಾಹಕನಿಗೆ ಪರೀಕ್ಷಿಸಿ ಕಳುಹಿಸುವ ಕೈಗಳಿಗೆ ಸ್ವದೇಶದ ಗ್ರಾಹಕನಿಗಾಗಿ ಅದೇ ಎಚ್ಚರವನ್ನು ವಹಿಸುವುದು ಅಸಾಧ್ಯವೇನಲ್ಲ. ಕಾನೂನಿನ ಆಧಾರವೂ ಇಲ್ಲದಿಲ್ಲ. 2016ರ ಭಾರತೀಯ ಮಾನಕ ಬ್ಯೂರೋ ಕಾಯಿದೆಯ ಮೇರೆಗೆ ಕೇಂದ್ರ ಸರಕಾರ ಯಾವುದೇ ವಸ್ತುವಿಗೆ ಮಾನದಂಡವನ್ನು ಕಡ್ಡಾಯಗೊಳಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕ ಮತ್ತು ಮಾರಾಟಗಾರರನ್ನು ಹೊಣೆಮಾಡುತ್ತದೆ. ಅಪಾಯಕರ ವಸ್ತುಗಳನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಕೊಡುತ್ತದೆ. ಕೇಳುವ ಗ್ರಾಹಕನಿದ್ದಾಗ ಮಾತ್ರ ಈ ಅಧಿಕಾರಗಳಿಗೆ ಜೀವ ಬರುತ್ತದೆ.

ತರಗತಿಯಲ್ಲಿ ಈ ಪಾಠ

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಬೆಂಕಿ ಹೊತ್ತಿಸದೆಯೇ ಈ ನಿಯಮಗಳಲ್ಲಿ ಒಂದನ್ನು ತರಗತಿಯಲ್ಲಿ ತೋರಿಸಬಹುದು. ಒಂದು ಹಲಗೆಯನ್ನು ಕೋನಮಾಪಕದ ಸಹಾಯದಿಂದ 10 ಡಿಗ್ರಿ ಓರೆಮಾಡಿ, ಅದರ ಮೇಲೆ ಹೊಸ ಬತ್ತಿಯನ್ನು ಸಿಕ್ಕಿಸಿದ ಸ್ಟ್ಯಾಂಡನ್ನು ಇಡಬೇಕು. ಜಾರದಂತೆ ಪಾದದ ಬುಡಕ್ಕೆ ತೆಳುವಾದ ಪಟ್ಟಿಯೊಂದನ್ನು ಅಂಟಿಸಬೇಕು. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಪಾದದ ಅಂಚನ್ನು ದಾಟಿದರೆ ಸ್ಟ್ಯಾಂಡು ಉರುಳುತ್ತದೆ. 10 ಡಿಗ್ರಿಯ ಟ್ಯಾನ್ ಬೆಲೆ 0.176. ಪಾದದ ಅಗಲ 8 ಸೆಂಟಿಮೀಟರ್ ಆದರೆ ಅದರ ಅರ್ಧವಾದ 4ನ್ನು 0.176ರಿಂದ ಭಾಗಿಸಬೇಕು, ಸುಮಾರು 22.7 ಬರುತ್ತದೆ. ಗುರುತ್ವಕೇಂದ್ರ ಇದಕ್ಕಿಂತ ಕೆಳಗಿದ್ದರೆ ಸ್ಟ್ಯಾಂಡು ನಿಲ್ಲುತ್ತದೆ. ಪಾದದ ಅಗಲ 4 ಸೆಂಟಿಮೀಟರ್ ಮಾತ್ರವಾದರೆ ಆ ಮಿತಿ 11.4ಕ್ಕೆ ಇಳಿಯುತ್ತದೆ. ತ್ರಿಕೋನಮಿತಿಯನ್ನು ಏಕೆ ಕಲಿಯಬೇಕೆಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಸಮೀಪದ ಉತ್ತರ ದೊರೆಯದು. ಹಣತೆ ಏಕೆ ತಗ್ಗಾಗಿ ಅಗಲವಾಗಿದೆ, ಏಕೆ ಮಣ್ಣಿನಿಂದಾಗಿದೆ ಎಂಬುದಕ್ಕೂ ಇಲ್ಲಿಯೇ ವಿವರಣೆಯಿದೆ. ಕುಂಬಾರನು ಲೆಕ್ಕ ಮಾಡಲಿಲ್ಲ. ಅವನ ಪರಂಪರೆ ಮಾಡಿತ್ತು.

ಶಾಲೆಗೂ ಮನೆಗೂ ಸ್ಟ್ಯಾಂಡನ್ನು ಕೊಳ್ಳುವಾಗ, ಬಳಸುವಾಗ ಗಮನಿಸಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

1. ಪಾದ ಅಗಲವಾಗಿರಲಿ, ಬತ್ತಿ ರಂಧ್ರದಲ್ಲಿ ಅಲುಗಾಡದೆ ನೆಟ್ಟಗೆ ಕೂರಲಿ.
2. ಜ್ವಾಲೆಯ ಸಮೀಪದಲ್ಲಿ ಮರ, ಪ್ಲಾಸ್ಟಿಕ್, ಕಾಗದ, ಬಟ್ಟೆ, ಒಣಹೂವುಗಳ ಅಲಂಕಾರವಿರುವ ಸ್ಟ್ಯಾಂಡನ್ನು ಬಿಡುವುದು ಲೇಸು.
3. ಬಿರುಕು ಬಿಟ್ಟ ಅಥವಾ ಅಂಚು ಒಡೆದ ಗಾಜಿನ ಪಾತ್ರೆಯಲ್ಲಿ ಬತ್ತಿ ಹಚ್ಚಬಾರದು.
4. ಹತ್ತಿಕೊಳ್ಳುವ ಯಾವುದೇ ವಸ್ತುವಿನಿಂದ ಕನಿಷ್ಠ 30 ಸೆಂಟಿಮೀಟರ್ ದೂರವಿರಲಿ. ಬತ್ತಿಬತ್ತಿಗಳ ನಡುವೆ ಕನಿಷ್ಠ 3 ಅಂಗುಲ ಅಂತರವಿರಲಿ.
5. ಹಚ್ಚುವ ಮುನ್ನ ಬತ್ತಿಯ ನೂಲನ್ನು ಕಾಲು ಅಂಗುಲಕ್ಕೆ ಕತ್ತರಿಸಬೇಕು. ಕತ್ತರಿಸಿದ ಚೂರು, ಬೆಂಕಿಕಡ್ಡಿ ಮೇಣದೊಳಗೆ ಬಿದ್ದರೆ ಅವೇ ಎರಡನೆಯ ಬತ್ತಿಯಾಗಿ ಉರಿಯುತ್ತವೆ.
6. ಬತ್ತಿ ಬುಡದವರೆಗೂ ಉರಿಯಲು ಬಿಡಬಾರದು. ಸ್ಟ್ಯಾಂಡಿನ ಬತ್ತಿ 2 ಅಂಗುಲ ಉಳಿದಾಗ, ಪಾತ್ರೆಯ ಬತ್ತಿ ಅರ್ಧ ಅಂಗುಲ ಉಳಿದಾಗ ಆರಿಸಬೇಕು.
7. ಮೇಣ ಹತ್ತಿಕೊಂಡರೆ ನೀರೆರಚಬಾರದು. ಲೋಹದ ಮುಚ್ಚಳದಿಂದ ಮುಚ್ಚಬೇಕು. ಸಮಾರಂಭಗಳಲ್ಲಿ ಮುಚ್ಚಳವೂ ಮರಳಿನ ಬಕೆಟ್ಟೂ ಕೈಗೆಟಕುವಲ್ಲಿರಲಿ.

ಉಪಸಂಹಾರ

ಮೇಣದಬತ್ತಿಯ ಸ್ಟ್ಯಾಂಡು ಅಲ್ಪವಾದ ವಸ್ತು. ಅದಕ್ಕಾಗಿ ಇಷ್ಟು ಸಮಿತಿಗಳೇ, ಇಷ್ಟು ಪರೀಕ್ಷೆಗಳೇ ಎಂದು ನಗುವವರಿರಬಹುದು. ಆದರೆ ದೊಡ್ಡ ಕಾರ್ಖಾನೆಯ ಬೆಂಕಿಗೆ ಕಾವಲುಗಾರರಿರುತ್ತಾರೆ, ನೀರಿನ ಕೊಳಾಯಿಗಳಿರುತ್ತವೆ, ತಪಾಸಣಾಧಿಕಾರಿಗಳಿರುತ್ತಾರೆ. ಮಲಗುವ ಕೋಣೆಯ ಮೇಜಿನ ಮೇಲೆ ಉರಿಯುವ ಬತ್ತಿಗೆ ಮನೆಯವರ ಕಣ್ಣನ್ನು ಬಿಟ್ಟರೆ ಅದನ್ನು ಹಿಡಿದ ಸ್ಟ್ಯಾಂಡೊಂದೇ ಕಾವಲು. ಮನೆಯವರ ಕಣ್ಣು ಮುಚ್ಚಿದಾಗ ಉಳಿಯುವುದು ಸ್ಟ್ಯಾಂಡು ಮಾತ್ರ.

ಒಳ್ಳೆಯ ನಿಯಮದ ಫಲ ಯಾರ ಕಣ್ಣಿಗೂ ಕಾಣುವುದಿಲ್ಲ. ಹತ್ತದೆ ಉಳಿದ ಪರದೆಗೆ ಸುದ್ದಿಯಿಲ್ಲ, ಎಚ್ಚರಗೊಳ್ಳದೆ ಬೆಳಗಿನವರೆಗೆ ಮಲಗಿದ ಮಗುವಿಗೆ ತಾನು ಉಳಿದೆನೆಂಬುದೇ ತಿಳಿಯದು. ಆದುದರಿಂದ ಇಂತಹ ನಿಯಮಗಳನ್ನು ಬೇಡುವವರು ವಿರಳ, ಅವುಗಳಿಗಾಗಿ ಶ್ರಮಿಸಿದವರನ್ನು ನೆನೆಯುವವರು ಇನ್ನೂ ವಿರಳ. ವಿದ್ಯಾಸಂಸ್ಥೆಗಳಲ್ಲಿ ಕಲಿತವರು ಮುಂದೆ ತಯಾರಕರಾಗುತ್ತಾರೆ, ವ್ಯಾಪಾರಿಗಳಾಗುತ್ತಾರೆ, ಅಧಿಕಾರಿಗಳಾಗುತ್ತಾರೆ, ಗೃಹಸ್ಥರಾಗುತ್ತಾರೆ. ಮಾಡುವಾಗ ಕಾಣದ ಬಳಕೆದಾರನನ್ನು ನೆನೆಯುವುದು, ಮಾರುವಾಗ ಪರೀಕ್ಷೆಯನ್ನು ಕೇಳುವುದು, ಕೊಳ್ಳುವಾಗ ಅಂದದ ಜೊತೆಗೆ ಪಾದದ ಅಗಲವನ್ನೂ ನೋಡುವುದು, ಇಷ್ಟು ಅಭ್ಯಾಸವಾದರೆ ಕಾನೂನು ಬರುವ ಮುನ್ನವೇ ಕಾನೂನಿನ ಅರ್ಧ ಕೆಲಸ ಆದಂತೆ. ಉಳಿದರ್ಧವನ್ನು ಕಾನೂನೇ ಮಾಡಬೇಕು.